ಯಾರಿಗೆ ಹೇಳಿದರೆ ಮಾತು ಎಲ್ಲಿಯವರೆಗೆ ಹೋಗುತ್ತದೆ?

ಕೊಣಾಜೆಯ ಹಾಸ್ಟೆಲಿನಲ್ಲಿರಲಿ, ಮಣಿಪಾಲದ ಪಿಜಿಯಲ್ಲಿರಲಿ, ಲೈಂಗಿಕ ಕಿರುಕುಳಕ್ಕೆ ಒಳಗಾದ ಹುಡುಗಿಗೆ ಮೊದಲು ಕಾಡುವ ಹೆದರಿಕೆ ಇದು: ಮನೆಯಲ್ಲಿ ಗೊತ್ತಾಗಿ ಓದು ಬಿಡಿಸಿದರೆ? ಈ ಹೆದರಿಕೆಯಲ್ಲೇ ಎಷ್ಟೋ ಮಂದಿ ಸುಮ್ನೆ ಇದ್ದುಬಿಡುತ್ತಾರೆ. ಆದರೆ ದಾರಿಗಳು ಒಂದಕ್ಕಿಂತ ಜಾಸ್ತಿ ಇವೆ.

ಮೊದಲು, ಮೆಸೇಜು, ಫೋಟೊ ಯಾವುದನ್ನೂ ಅಳಿಸಬೇಡಿ. ಯಾವ ದಿನ, ಎಲ್ಲಿ, ಯಾರೆಲ್ಲ ಇದ್ದರು ಎಂದು ಬರೆದಿಡಿ.

ಸದ್ಯಕ್ಕೆ ಮನಸ್ಸಿನ ಭಾರ ಇಳಿಸಿಕೊಂಡರೆ ಸಾಕು ಅನಿಸಿದರೆ ಕಾಲೇಜಿನ ಆಪ್ತಸಮಾಲೋಚಕರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿಯೂ ಉಚಿತವಾಗಿ ಮಾತಾಡಬಹುದು. ವಿಷಯ ಬಿಚ್ಚುವ ಮೊದಲೇ ಕೇಳಿಬಿಡಿ: "ಮೇಡಂ, ಇದು ನಿಮ್ಮಲ್ಲೇ ಉಳಿಯುತ್ತದಾ?" ವಾರ್ಡನ್, ಲೆಕ್ಚರರ್ ಎಷ್ಟೇ ಒಳ್ಳೆಯವರಾದರೂ ಮೇಲಿನವರಿಗೆ ತಿಳಿಸಬಹುದು. ನಿಮಗೆ 18 ತುಂಬಿಲ್ಲದಿದ್ದರೆ ಯಾರೂ ಗುಟ್ಟಾಗಿ ಇಡುವಂತಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಪಿಯು ಮುಗಿಸಿ ಆಗಷ್ಟೇ ಬಂದವರು ಇದನ್ನು ಗಮನಿಸಿ. ಅತ್ಯಾಚಾರವಾಗಿದ್ದರೆ ಆಸ್ಪತ್ರೆಯವರೂ ಪೊಲೀಸರಿಗೆ ಹೇಳುತ್ತಾರೆ. ಹಾಗೆಂದು ಚಿಕಿತ್ಸೆ ತಡಮಾಡಬೇಡಿ, ಖಾಸಗಿ ಆಸ್ಪತ್ರೆಯಲ್ಲೂ ಅದು ಉಚಿತ.

ಕ್ರಮ ಆಗಲೇಬೇಕು ಎಂದರೆ ಕಾಲೇಜಿನ ಆಂತರಿಕ ದೂರು ಸಮಿತಿಗೆ ಬರೆದು ಕೊಡಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2015ರ ನಿಯಮದಂತೆ ಇದರ ಅಧ್ಯಕ್ಷೆ ಹಿರಿಯ ಅಧ್ಯಾಪಕಿ. ಘಟನೆಯಾದ 3 ತಿಂಗಳೊಳಗೆ ದೂರು ಕೊಡಬೇಕು. ತಡಕ್ಕೆ ಸರಿಯಾದ ಕಾರಣವಿದ್ದರೆ ಇನ್ನೂ 3 ತಿಂಗಳು ಸಿಗಬಹುದು. ಹುಡುಗರೂ ದೂರು ಕೊಡಬಹುದು. ನಿಮ್ಮ ಹೆಸರು ಹೊರಗೆ ಹೋಗುವಂತಿಲ್ಲ. ಆದರೆ ದೂರಿನ ಪ್ರತಿ ಆರೋಪಿಯ ಕೈಗೆ ಹೋಗುತ್ತದೆ. ಇದನ್ನು ಮೊದಲೇ ಯಾರೂ ಹೇಳದೆ, ಆಮೇಲೆ ಗೊತ್ತಾದಾಗ ಹುಡುಗಿಯರು ಕುಸಿದು ಹೋಗುತ್ತಾರೆ. ಆತ ನಿಮ್ಮ ಪೇಪರ್ ತಿದ್ದುವವನೇ ಆಗಿದ್ದರೆ, ವಿಚಾರಣೆ ಮುಗಿಯುವವರೆಗೆ ಆ ಕೆಲಸದಿಂದ ದೂರ ಇಡಿ ಎಂದು ಬರವಣಿಗೆಯಲ್ಲೇ ಕೇಳಿ. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ನೀವಾಗಿ ಕೇಳದೆ ಯಾರೂ ರಾಜಿಗೆ ಕೂರಿಸುವಂತಿಲ್ಲ. ದುಡ್ಡಿನ ಮೇಲೆ ರಾಜಿ ಮಾಡಿಸುವಂತೆಯೂ ಇಲ್ಲ.

ಸಮಿತಿಗೆ ಕೊಟ್ಟರೂ ಪೊಲೀಸ್ ದೂರು ಕೊಡಬಹುದು. ಮಂಗಳೂರಿನಲ್ಲಿ ಪಾಂಡೇಶ್ವರದ ಮಹಿಳಾ ಠಾಣೆಯಿದೆ, ಉಡುಪಿಯಲ್ಲೂ ಮಹಿಳಾ ಠಾಣೆಯಿದೆ. ಘಟನೆ ಎಲ್ಲೇ ನಡೆದಿರಲಿ, ಹತ್ತಿರದ ಠಾಣೆಯಲ್ಲಿ ಜೀರೊ ಎಫ್‌ಐಆರ್ ಆಗುತ್ತದೆ. ತುರ್ತಿಗೆ 112. ಒಮ್ಮೆ ಎಫ್‌ಐಆರ್ ಆದ ಮೇಲೆ ಬೇಡ ಎಂದರೂ ಪ್ರಕರಣ ಸುಲಭಕ್ಕೆ ನಿಲ್ಲುವುದಿಲ್ಲ, ಅಲ್ವಾ? ಅದಕ್ಕೇ ಮೊದಲು ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ ಕಾನೂನು ಸಲಹೆ ಪಡೆಯಿರಿ. ಹೆಣ್ಣುಮಕ್ಕಳಿಗೆ ಕಾನೂನು ನೆರವು ಉಚಿತ. ಠಾಣೆಗೆ ಒಬ್ಬರೇ ಹೋಗಬೇಡಿ, ಗೆಳತಿಯನ್ನೋ ಅಕ್ಕನನ್ನೋ ಕರೆದುಕೊಂಡು ಹೋಗಿ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆದೇ ಬನ್ನಿ.