ಪ್ಲಾಸ್ಮಾದೊಳಗೆ ಬೆಳಕನ್ನು ಬೆಳೆಸಿದ ನನ್ನ ಅನುಭವ

ಗಾಜಾಗಲಿ, ಹರಳಾಗಲಿ, ಗ್ರೇಟಿಂಗ್ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ, ಸಣ್ಣ ಗೀರುಗಳ ಫಲಕ) ಆಗಲಿ, ಲೇಸರಿನ ತೀವ್ರತೆ ಮಿತಿ ಮೀರಿದರೆ ಸುಟ್ಟುಹೋಗುತ್ತದೆ. ಪ್ಲಾಸ್ಮಾದಲ್ಲಿ ಪರಮಾಣುಗಳು ಆಗಲೇ ಎಲೆಕ್ಟ್ರಾನ್ ಮತ್ತು ಅಯಾನುಗಳಾಗಿ ಒಡೆದಿರುತ್ತವೆ, ಸುಡಲು ಏನೂ ಉಳಿದಿರುವುದಿಲ್ಲ. ಲೇಸರಿನ ಉದ್ದನೆಯ ಪಂಪ್ ಸ್ಪಂದವನ್ನು (ಶಕ್ತಿ ಕೊಡುವ ಮಿಂಚನ್ನು) ಒಂದು ಕಡೆಯಿಂದ, ಗಿಡ್ಡ ಸೀಡ್ ಸ್ಪಂದವನ್ನು (ಬೆಳೆಯಬೇಕಾದ ಮಿಂಚನ್ನು) ಎದುರಿನಿಂದ ಪ್ಲಾಸ್ಮಾದೊಳಕ್ಕೆ ಹಾಯಿಸಿದರೆ ಪಂಪಿನ ಶಕ್ತಿ ಸೀಡಿಗೆ ಇಳಿಯುತ್ತದೆ ಎಂದು 1999ರಲ್ಲಿ ಭೌತವಿಜ್ಞಾನಿಗಳಾದ ಮಾಲ್ಕಿನ್, ಶ್ವೆಟ್ಸ್ ಮತ್ತು ಫಿಶ್ ಲೆಕ್ಕ ಹಾಕಿ ತೋರಿಸಿದ್ದರು. ಷರತ್ತು ಒಂದೇ: ಎರಡು ಬೆಳಕುಗಳ ಆವರ್ತನದ ಅಂತರ ಪ್ಲಾಸ್ಮಾದ ಎಲೆಕ್ಟ್ರಾನ್‌ಗಳ ಸಹಜ ಕಂಪನಕ್ಕೆ ಹೊಂದಬೇಕು. ಅದನ್ನು ಹೊಂದಿಸಲು ನನಗೆ ಎರಡು ವರ್ಷ ಹಿಡಿಯಿತು.

ನಮ್ಮ ಪಂಪಿನ ತರಂಗಾಂತರ 800 ನ್ಯಾನೊಮೀಟರ್. ಅದರಲ್ಲೇ ಒಂದು ಪಾಲನ್ನು ಕವಲೊಡೆಸಿ ಬೇರಿಯಂ ನೈಟ್ರೇಟ್ ಹರಳಿನೊಳಗೆ ಹಾಯಿಸಿದರೆ 873 ನ್ಯಾನೊಮೀಟರಿನ ಸೀಡ್ ಸಿಗುತ್ತದೆ. ಬೆಳಕು ಅಣುವಿನ ಕಂಪನಕ್ಕೆ ಒಂದಿಷ್ಟು ಶಕ್ತಿ ಕೊಟ್ಟು ಕೆಂಪಿನತ್ತ ಸರಿಯುವ ಈ ಪರಿಣಾಮ 1928ರಲ್ಲಿ ರಾಮನ್ ಕಂಡದ್ದೇ. ಬೆಂಗಳೂರಿನ ಮೇಖ್ರಿ ವೃತ್ತದ ಬಳಿಯ ಅವರ ಸಂಸ್ಥೆಯ ಮುಂದೆ ದಿನವೂ ಬಸ್ಸಿನಲ್ಲಿ ಹೋಗುತ್ತಿದ್ದ ನನಗೆ, ಒಂದೇ ಮೇಜಿನ ಮೇಲೆ ಅದು ಎರಡು ಬಾರಿ, ಮೊದಲು ಹರಳಿನಲ್ಲಿ, ಆಮೇಲೆ ಎಲೆಕ್ಟ್ರಾನ್‌ಗಳಲ್ಲಿ, ನಡೆಯುವುದನ್ನು ನೋಡುವುದೇ ಸಂತೋಷ.

ಹರಳು ಸೀಡಿನ ತರಂಗಾಂತರವನ್ನು ನಿಗದಿ ಮಾಡಿಬಿಡುತ್ತದೆ. ಆದ್ದರಿಂದ ಬದಲಾಯಿಸಬಹುದಾದದ್ದು ಪ್ಲಾಸ್ಮಾದ ಸಾಂದ್ರತೆ ಮಾತ್ರ: ಘನ ಸೆಂಟಿಮೀಟರಿಗೆ ಸುಮಾರು 1.2×10¹⁹ ಎಲೆಕ್ಟ್ರಾನ್. ಅದಕ್ಕಾಗಿ ನನ್ನ ಕೈಯಲ್ಲಿದ್ದದ್ದು ಪ್ಲಾಸ್ಮಾವಾಗುವ ಅನಿಲದ ಒತ್ತಡದ ತಿರುಪು. ಪ್ಲಾಸ್ಮಾದ ಉದ್ದ 2 ಮಿಲಿಮೀಟರ್. ಎರಡೂ ಎದುರುಬದುರು ಓಡುವುದರಿಂದ, ದಾರಿಯುದ್ದಕ್ಕೂ ಸೀಡಿಗೆ ಹೊಸ ಪಂಪ್ ಎದುರಾಗಬೇಕಾದರೆ ಪಂಪ್ ಅದರ ಎರಡರಷ್ಟು, ಅಂದರೆ 13 ಪಿಕೊಸೆಕೆಂಡಿನಷ್ಟು (ಪಿಕೊಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು) ಉದ್ದವಿರಬೇಕು.

ಎರಡೂ ಕಿರಣಗಳನ್ನು ಕೂದಲೆಳೆಗಿಂತ ಸಣ್ಣ ಜಾಗದಲ್ಲಿ ಕೂಡಿಸಲು ಹೊಲಿಗೆಯ ಸೂಜಿ ಬಳಸಿದೆ. ಸೂಜಿಮೊನೆಯನ್ನು ಕ್ಯಾಮೆರಾದಲ್ಲಿ ನೋಡುತ್ತ ಮೊದಲು ಒಂದನ್ನು, ಆಮೇಲೆ ಇನ್ನೊಂದನ್ನು ಅದಕ್ಕೆ ತಾಗಿಸುತ್ತಿದ್ದೆ. ಸಮಯ ಹೊಂದಿಸಲು ಪಂಪಿನಿಂದ ಗಾಳಿಯಲ್ಲಿ ಕಿಡಿ ಎಬ್ಬಿಸಿ, ಅದರ ನೆರಳು ಸೀಡಿನಲ್ಲಿ ಯಾವಾಗ ಮೂಡುತ್ತದೆ ಎಂದು ಹುಡುಕಿದೆ.

ಒಂದು ಸಂಜೆ ರೋಹಿತದಲ್ಲಿ, ಅಂದರೆ ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿ ತೋರಿಸುವ ನಕ್ಷೆಯಲ್ಲಿ, 873ರ ಬಳಿ ರೇಖೆ ಎತ್ತರಕ್ಕೆ ಎದ್ದಿತು. ಎಲ್ಲರನ್ನೂ ಕರೆದೆ. ಹಿರಿಯ ಸಹೋದ್ಯೋಗಿಯೊಬ್ಬರು ನೋಡಿ, "ಸೀಡನ್ನು ಮುಚ್ಚಿ ಒಮ್ಮೆ ಲೇಸರ್ ಹೊಡೆಯಿರಿ" ಎಂದರು. ಮುಚ್ಚಿದೆ. ರೇಖೆ ಹಾಗೆಯೇ ನಿಂತಿತ್ತು! ಪ್ಲಾಸ್ಮಾದ ಉಷ್ಣ ಗದ್ದಲದಿಂದಲೇ (ಬಿಸಿಗೆ ಎಲೆಕ್ಟ್ರಾನ್‌ಗಳು ಅಡ್ಡಾದಿಡ್ಡಿ ಓಡುವುದರಿಂದಲೇ) ಪಂಪ್ ಹಿಂದಕ್ಕೆ ಚದುರಿ ಅದೇ ಬಣ್ಣದ ಬೆಳಕನ್ನು ಹುಟ್ಟಿಸುತ್ತದೆ. ಸೀಡ್ ಬೆಳೆದೇ ಇರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಂದಿನಿಂದ ಪ್ರತಿ ಒತ್ತಡದಲ್ಲೂ ಮೂರು ಬಗೆಯ ಹೊಡೆತ ಕಡ್ಡಾಯ ಮಾಡಿಕೊಂಡೆ: ಪಂಪ್ ಮಾತ್ರ, ಸೀಡ್ ಮಾತ್ರ, ಎರಡೂ. ಒತ್ತಡ ಬದಲಾಯಿಸಿದಂತೆ ಗದ್ದಲದ ಬೆಳಕು ತನ್ನ ತರಂಗಾಂತರವನ್ನು ಬಿಟ್ಟು ಸರಿಯುತ್ತದೆ, ಸೀಡಿನ ಬೆಳಕು 873ರಲ್ಲೇ ಇರುತ್ತದೆ. ಈ ವ್ಯತ್ಯಾಸ ಕಣ್ಣಿಗೆ ಬಿದ್ದ ಮೇಲೆ ಕೆಲಸ ಹಗುರಾಯಿತು.

ನಿಜವಾದ ವರ್ಧನೆ ಸಿಕ್ಕಿದ್ದು ಒತ್ತಡದ ಬಹಳ ಕಿರಿದಾದ ಪಟ್ಟಿಯಲ್ಲಿ. ಸೀಡ್ ಮಾತ್ರ ಹೋದಾಗ ತಗ್ಗು ರೇಖೆ, ಪಂಪ್ ಮಾತ್ರ ಹೋದಾಗ ಮಂಕು ದಿಬ್ಬ, ಎರಡೂ ಕೂಡಿದಾಗ ಆ ಎರಡರ ಮೊತ್ತವನ್ನು ಎಷ್ಟೋ ಮೀರಿದ, ಬುಡ ಅಗಲವಾದ ಶಿಖರ. ಸ್ಪಂದ ಗಿಡ್ಡವಾದಷ್ಟೂ ಅದಕ್ಕೆ ಹೆಚ್ಚು ತರಂಗಾಂತರಗಳು ಬೇಕು, ಆದ್ದರಿಂದ ಅದು ಗಿಡ್ಡವಾಗುತ್ತಿರಬಹುದು ಎಂಬುದಕ್ಕೆ ಆ ಅಗಲವೇ ಮೊದಲ ಸುಳಿವು. ಬೆಳಕು ತಲುಪುವ ಹೊತ್ತನ್ನು ಹಿಂದುಮುಂದು ಮಾಡುವ ವಿಳಂಬದ ಕನ್ನಡಿಯನ್ನು 2 ಮಿಲಿಮೀಟರ್ ಸರಿಸಿದೆ, ಹೋಗಿ ಬರುವ ದಾರಿ ಸೇರಿ ಅಂದರೆ 13 ಪಿಕೊಸೆಕೆಂಡ್, ಶಿಖರ ಕುಸಿಯಿತು. ಹಿಂದಕ್ಕೆ ತಂದೆ, ಮತ್ತೆ ಎದ್ದಿತು. ಬೆಳಗಿನ ಜಾವದವರೆಗೂ ಸರಿಸುತ್ತ, ತರುತ್ತ ಕುಳಿತಿದ್ದೆ.