ಅಮ್ಮನ ಕಣ್ಣಿಗೆ ಗಿಂಡಿ, ನನಗೆ ಕೆಟಲ್

ಪೋರ್‌ಓವರ್ ಕಾಫಿ, ಅಂದರೆ ಪೇಪರ್ ಫಿಲ್ಟರಿನಲ್ಲಿಟ್ಟ ಪುಡಿಯ ಮೇಲೆ ಕೈಯಾರೆ ಬಿಸಿನೀರು ಸುರಿದು ಇಳಿಸುವ ಕಾಫಿ, ಶುರು ಮಾಡಿದ ಹೊಸತರಲ್ಲಿ ಹಾಲು ಕಾಯಿಸುವ ಪಾತ್ರೆಯಿಂದಲೇ ನೀರು ಸುರಿಯುತ್ತಿದ್ದೆ. ನೀರು ದೊಪ್ಪನೆ ಬಿದ್ದು ಪುಡಿಯ ನಡುವೆ ಗುಂಡಿ ಬೀಳುತ್ತಿತ್ತು. ಉಳಿದ ಪುಡಿ ಪೇಪರಿಗೆ ಮೆತ್ತಿಕೊಂಡು ಅರ್ಧಂಬರ್ಧ ನೆನೆಯುತ್ತಿತ್ತು. ನನ್ನ ಹತ್ತಿರ ಇರುವುದು ವಿ60 ಡ್ರಿಪ್ಪರ್, ಪೇಪರ್ ಕೂರಿಸುವ ಆಲಿಕೆಯಂಥ ಬಟ್ಟಲು. ಅದರ ತಳದಲ್ಲಿ ಒಂದೇ ದೊಡ್ಡ ತೂತು. ನಮ್ಮ ಸ್ಟೀಲ್ ಫಿಲ್ಟರಿನ ಸಣ್ಣ ತೂತುಗಳ ಹಾಗೆ ಅದು ನೀರನ್ನು ತಡೆದು ನಿಲ್ಲಿಸುವುದಿಲ್ಲ. ಒಂದೂವರೆ ನಿಮಿಷಕ್ಕೆಲ್ಲ ಇಳಿದುಬಿಡುತ್ತಿತ್ತು, ಕಪ್ಪಿನಲ್ಲಿ ಹುಳಿ ಹುಳಿ ನೀರು. ಚಿಕ್ಕಮಗಳೂರಿನ ಒಳ್ಳೆ ಅರೇಬಿಕಾ ಸುಮ್ನೆ ಹಾಳು.

ಕೊನೆಗೆ ಉದ್ದಕ್ಕೆ ಬಾಗಿದ ಸಪೂರ ಮೂತಿಯ ಗೂಸ್‌ನೆಕ್ ಕೆಟಲ್ ಹುಡುಕಿದೆ. ಆನ್‌ಲೈನಿನಲ್ಲಿ ತರಿಸಿದ ಮೊದಲನೆಯದು ಫೋಟೋದಲ್ಲಷ್ಟೇ ಚಂದ. ನಿಧಾನಕ್ಕೆ ಬಗ್ಗಿಸಿದರೆ ನೀರು ಮೂತಿಯ ಕೆಳಗೇ ಜಾರಿ ಮೇಜಿನ ಮೇಲೆ ಸುರಿಯುತ್ತಿತ್ತು. ವಾಪಸ್ ಕಳಿಸಿದೆ. ಎರಡನೇ ಸಲ ಅಂಗಡಿಗೇ ಹೋಗಿ, "ನೀರು ತುಂಬಿಸಿ ನೋಡಬಹುದಾ?" ಅಂದೆ. "ನೋಡಿ ಸಾರ್, ಅದಕ್ಕೇನಂತೆ" ಎಂದು ಸಿಂಕ್ ತೋರಿಸಿದರು. ದಾರದಷ್ಟು ಸಣ್ಣಗೆ ಸುರಿದಾಗ ಧಾರೆ ಕಡಿಯಬಾರದು, ಹಿಂದಕ್ಕೆ ಜಾರಬಾರದು. ನಾನು ನೋಡಿದ್ದು ಇಷ್ಟೇ. 600 ಎಂಎಲ್‌ನ ಸ್ಟೀಲ್ ಕೆಟಲ್ ಪಾಸಾಯಿತು. ಮನೆಗೆ ತಂದಾಗ ಅಮ್ಮ, "ಇದೇನೋ, ಗಿಂಡಿ ತಂದಿದ್ದೀಯ?" ಎಂದರು. ತಪ್ಪೇನಿಲ್ಲ, ಕೆಲಸ ಅದೇ ಅಲ್ವಾ?

ಡಿಗ್ರಿ ತೋರಿಸುವ ಎಲೆಕ್ಟ್ರಿಕ್ ಕೆಟಲ್ ಬೇಕೆನಿಸಿತ್ತು. ಬೆಲೆ ನೋಡಿ ಕೈಬಿಟ್ಟೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಒಲೆ ಆರಿಸಿ ಪೇಪರ್ ತೊಳೆಯುವಷ್ಟರಲ್ಲಿ ಇನ್ನೂ ಒಂದೆರಡು ಡಿಗ್ರಿ ಇಳಿದಿರುತ್ತದೆ. ನನಗೆ ಬೇಕಾದ ಹದ ಅದೇ. ಮಂಗಳೂರಿನಲ್ಲಾದರೆ ಸ್ವಲ್ಪ ಜಾಸ್ತಿ ಕಾಯಬೇಕು.

ಕೆಟಲನ್ನು ಮುಕ್ಕಾಲಿಗಿಂತ ಜಾಸ್ತಿ ತುಂಬಿಸುವುದಿಲ್ಲ. ತುಂಬಿದ್ದರೆ ಕೈ ಭಾರವಾಗಿ ಮೊದಲ ಧಾರೆಯೇ ಎಗರುತ್ತದೆ. ಒಲೆ ಸಣ್ಣ ಬರ್ನರ್, ಉರಿಯೂ ಸಣ್ಣದು. ದೊಡ್ಡ ಉರಿ ಪಕ್ಕಕ್ಕೆ ಹಬ್ಬಿ ಹಿಡಿಕೆ ಸುಡುತ್ತದೆ, ಒಮ್ಮೆ ಸುಟ್ಟುಕೊಂಡೇ ಕಲಿತೆ. ಉದ್ದ ಮೂತಿಯಲ್ಲಿ ನಿಂತ ನೀರು ಒಳಗಿನಷ್ಟು ಬಿಸಿ ಇರುವುದಿಲ್ಲ. ಅದನ್ನು ಪೇಪರ್ ತೊಳೆಯಲು ಬಳಸಿ ಚೆಲ್ಲುತ್ತೇನೆ.

15 ಗ್ರಾಂ ಪುಡಿ, ಚಿಕೋರಿ ಇಲ್ಲದ್ದು. ಮೊದಲು 30 ಗ್ರಾಂ ನೀರು ಹಾಕಿ 40 ಸೆಕೆಂಡ್ ಸುಮ್ಮನಿರುತ್ತೇನೆ. ಹೊಸದಾಗಿ ಹುರಿದ ಪುಡಿಯಾದರೆ ರೊಟ್ಟಿಯಂತೆ ಉಬ್ಬಿ, ಗುಳ್ಳೆ ಒಡೆದು, ಘಮ್ಮೆನ್ನುತ್ತದೆ. ಆಮೇಲೆ ನಡುವಿನಿಂದ ಸುತ್ತುತ್ತಾ, ಪೇಪರಿನ ಅಂಚು ಮುಟ್ಟದೆ, ಎರಡು ಸಲಕ್ಕೆ 240 ಗ್ರಾಂವರೆಗೆ. ಮೂತಿ ಪುಡಿಗೆ ಹತ್ತಿರವಿರಬೇಕು. ಮಣಿಕಟ್ಟು ತಿರುಗಿಸಿದರೆ ಧಾರೆ ಅಲ್ಲಾಡುತ್ತದೆ, ಮೊಣಕೈಯಿಂದ ಇಡೀ ತೋಳನ್ನೇ ತಿರುಗಿಸಬೇಕು. ಇದು ಕೂಡಿಬರಲು ನನಗೆ ಎರಡು ವಾರ ಹಿಡಿಯಿತು. ಈಗ ಮೂರು ನಿಮಿಷದ ಹತ್ತಿರ ಇಳಿದು ಮುಗಿಯುತ್ತದೆ, ಚರಟ ಸಮತಟ್ಟಾಗಿ ಕೂರುತ್ತದೆ.

ಕಳೆದ ತಿಂಗಳು ಧಾರೆ ಇದ್ದಕ್ಕಿದ್ದಂತೆ ಎಡಕ್ಕೆ ವಾಲತೊಡಗಿತು. ನನ್ನ ಕೈಯದೇ ತಪ್ಪು ಅಂದುಕೊಂಡೆ. ಟಾರ್ಚ್ ಬಿಟ್ಟು ನೋಡಿದರೆ ಮೂತಿಯೊಳಗೆ ಬೋರ್‌ವೆಲ್ ನೀರಿನ ಬಿಳಿ ಪದರ. ಒಂದು ನಿಂಬೆಹಣ್ಣು ಹಿಂಡಿ ನೀರು ಕುದಿಸಿ ಅರ್ಧ ಗಂಟೆ ಬಿಟ್ಟೆ. ಧಾರೆ ಮತ್ತೆ ನೆಟ್ಟಗಾಯಿತು.