ಚಾಳೀಸು ಬಂದವರು ಕಾಂಟ್ಯಾಕ್ಟ್ ಲೆನ್ಸ್ ಆರಿಸಿಕೊಳ್ಳುವ ಬಗೆ

ನಲವತ್ತು ದಾಟಿದವರು ಔಷಧದ ಚೀಟಿಯನ್ನೋ ಮೊಬೈಲನ್ನೋ ಕೈಚಾಚಿ ದೂರ ಹಿಡಿದು ಓದತೊಡಗಿದರೆ ಚಾಳೀಸು ಬಂದಿದೆ ಎಂದು ಅರ್ಥ. ಕಣ್ಣಿನೊಳಗಿನ ಮಸೂರ ಚಿಕ್ಕ ವಯಸ್ಸಿನಲ್ಲಿ ಮೃದುವಾಗಿರುವುದರಿಂದ, ಹತ್ತಿರದ್ದನ್ನು ನೋಡುವಾಗ ಉಬ್ಬುತ್ತದೆ, ದೂರ ನೋಡುವಾಗ ಚಪ್ಪಟೆಯಾಗುತ್ತದೆ. ವಯಸ್ಸಾದಂತೆ ಅದು ಗಡುಸಾಗುತ್ತಾ ಬಂದು, ಉಬ್ಬುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. 40 ಸೆಂ.ಮೀ. ದೂರದಲ್ಲಿರುವ ಪುಟವನ್ನು ಓದಲು ಕಣ್ಣಿಗೆ 2.5 ಡಯಾಪ್ಟರ್‌ನಷ್ಟು (ಡಯಾಪ್ಟರ್ ಎಂದರೆ ಮಸೂರದ ಶಕ್ತಿಯ, ಅಂದರೆ ಪವರಿನ, ಅಳತೆ) ಹೆಚ್ಚುವರಿ ಶಕ್ತಿ ಬೇಕು. ತನ್ನಲ್ಲಿರುವ ಶಕ್ತಿಯ ಸುಮಾರು ಅರ್ಧದಷ್ಟನ್ನು ಮಾತ್ರ ಕಣ್ಣು ಆಯಾಸವಿಲ್ಲದೆ ಹೊತ್ತುಗಟ್ಟಲೆ ಬಳಸಬಲ್ಲದು. ಆದ್ದರಿಂದ 45ರ ಆಸುಪಾಸಿನಲ್ಲಿ ಮೂರು ನಾಲ್ಕು ಡಯಾಪ್ಟರ್ ಉಳಿದಿದ್ದರೂ ಓದುವಾಗ ಕಣ್ಣು ಸೋಲುತ್ತದೆ, ಸಂಜೆಯ ಹೊತ್ತಿಗೆ ಇನ್ನಷ್ಟು ಸೋಲುತ್ತದೆ. ಇದು ರೋಗವಲ್ಲ, ವ್ಯಾಯಾಮದಿಂದಾಗಲಿ ಆಹಾರದಿಂದಾಗಲಿ ಮಸೂರದ ಮೃದುತ್ವ ಮರಳಿ ಬರುವುದೂ ಇಲ್ಲ.

ಕಣ್ಣಿನ ಮೇಲೆ ಕೂರುವ ಕಾಂಟ್ಯಾಕ್ಟ್ ಲೆನ್ಸ್ ಉಬ್ಬಲಾರದು, ಕುಗ್ಗಲಾರದು. ಹೀಗಾಗಿ ದೂರ ಮತ್ತು ಹತ್ತಿರ ಎರಡನ್ನೂ ಕೊಡಬೇಕಾದ ಲೆನ್ಸ್ ಯಾವುದಾದರೊಂದನ್ನು ಹಂಚಲೇಬೇಕು. ಒಂದು ಕಣ್ಣನ್ನು ದೂರಕ್ಕೂ ಇನ್ನೊಂದನ್ನು ಹತ್ತಿರಕ್ಕೂ ಹಂಚಬಹುದು, ಅಥವಾ ಕಣ್ಣಿಗೆ ಬರುವ ಬೆಳಕನ್ನೇ ಎರಡೂ ದೂರಗಳಿಗೆ ಹಂಚಬಹುದು. ಎರಡರಲ್ಲೂ ಏನಾದರೊಂದನ್ನು ಬಿಟ್ಟುಕೊಡಬೇಕಾಗುತ್ತದೆ. ನೀವು ಬಿಟ್ಟುಕೊಡಬಹುದಾದದ್ದು ಯಾವುದು, ಬಿಟ್ಟುಕೊಡಲಾಗದ್ದು ಯಾವುದು ಎಂಬುದು ಮೊದಲೇ ತಿಳಿದಿದ್ದರೆ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ನಿರ್ಧಾರವಾಗುತ್ತದೆ. ಲೆನ್ಸಿನ ಹೆಸರು, ಬೆಲೆ, ಜಾಹೀರಾತು ಇವೆಲ್ಲ ಆಮೇಲಿನ ಮಾತು.

ಮೊದಲು ನಿಮ್ಮ ದಿನವನ್ನು ಅಳೆಯಿರಿ

ಕಣ್ಣಿನ ತಜ್ಞರ ಬಳಿಗೆ ಹೋಗುವ ಮೊದಲು ಒಂದು ಅಳತೆಪಟ್ಟಿ ಹಿಡಿದು ಮೊಬೈಲ್ ಎಷ್ಟು ದೂರದಲ್ಲಿರುತ್ತದೆ, ಪುಸ್ತಕ ಎಷ್ಟು ದೂರದಲ್ಲಿರುತ್ತದೆ, ಕಂಪ್ಯೂಟರಿನ ಪರದೆ ಎಷ್ಟು ದೂರದಲ್ಲಿದೆ ಎಂಬುದನ್ನು ಬರೆದಿಟ್ಟುಕೊಳ್ಳಿ. 35 ಸೆಂ.ಮೀ.ಗೆ ಬೇಕಾದ ಪವರ್ ಒಂದಾದರೆ 65 ಸೆಂ.ಮೀ.ಗೆ ಬೇಕಾದದ್ದು ಬೇರೆ. ದಿನವಿಡೀ ಪರದೆಯ ಮುಂದೆ ಕೂರುವವರಿಗೆ ಪುಸ್ತಕದ ದೂರಕ್ಕೆ ಹೊಂದಿಸಿದ ಲೆನ್ಸ್ ಕೊಟ್ಟರೆ ಅವರು ಕುತ್ತಿಗೆ ಮುಂದೆ ಚಾಚಿಕೊಂಡೇ ಕೆಲಸ ಮಾಡಬೇಕಾಗುತ್ತದೆ. ರಾತ್ರಿ ವಾಹನ ಓಡಿಸುತ್ತೀರಾ, ಮಂದ ಬೆಳಕಿನಲ್ಲಿ ಓದುತ್ತೀರಾ, ತಲೆಯ ಮೇಲಿರುವ ಹತ್ತಿರದ ವಸ್ತುವನ್ನು ನೋಡುವ ಕೆಲಸ ನಿಮ್ಮದೇ, ಸೂಜಿಗೆ ದಾರ ಪೋಣಿಸುವಂಥ ಆಳ ಅಂದಾಜಿನ ಕೆಲಸವಿದೆಯೇ ಎಂಬುದನ್ನೂ ಸೇರಿಸಿ. ನನ್ನ ದೃಷ್ಟಿಯಲ್ಲಿ ಈ ಅರ್ಧ ಪುಟದ ಚೀಟಿ ಅಂಗಡಿಯ ಯಾವ ಕರಪತ್ರಕ್ಕಿಂತಲೂ ಹೆಚ್ಚು ಉಪಯುಕ್ತ.

ಈಗಾಗಲೇ ಮೈನಸ್ ಪವರ್ ಇರುವವರು ಒಂದು ಸಂಗತಿಯನ್ನು ಮುಂಚೆಯೇ ತಿಳಿದುಕೊಳ್ಳಬೇಕು. ಕನ್ನಡಕ ಧರಿಸುವಾಗ ಅವರು ಅದನ್ನು ತೆಗೆದಿಟ್ಟು ಓದಬಲ್ಲರು. ಕಾಂಟ್ಯಾಕ್ಟ್ ಲೆನ್ಸನ್ನು ಹಾಗೆ ಮತ್ತೆ ಮತ್ತೆ ತೆಗೆಯಲಾಗದು. ಅಷ್ಟೇ ಅಲ್ಲ, ಕಣ್ಣಿನಿಂದ ಒಂದಿಷ್ಟು ಮುಂದೆ ಕೂರುವ ಮೈನಸ್ ಕನ್ನಡಕದ ಗಾಜು ಓದುವಾಗ ಕಣ್ಣಿನ ಶ್ರಮವನ್ನು ಸ್ವಲ್ಪ ಕಡಿಮೆ ಮಾಡುತ್ತದೆ, ಕಾಂಟ್ಯಾಕ್ಟ್ ಲೆನ್ಸಿನಲ್ಲಿ ಆ ಸಹಾಯ ಸಿಗುವುದಿಲ್ಲ. ಕನ್ನಡಕದಲ್ಲಿ ಇನ್ನೂ ಸರಾಗವಾಗಿ ಓದುತ್ತಿದ್ದವರಿಗೆ ಲೆನ್ಸ್ ಹಾಕಿದ ದಿನವೇ ಅಕ್ಷರ ಮಸುಕಾಗಿ ಕಂಡರೆ ಅದಕ್ಕೆ ಕಾರಣ ಇದು; ಪವರ್ ಹೆಚ್ಚಿದ್ದಷ್ಟೂ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಪ್ಲಸ್ ಪವರ್ ಇರುವವರಿಗೆ ಇದು ತಿರುವುಮುರುವಾಗಿದ್ದು, ಲೆನ್ಸಿಗೆ ಬದಲಾದಾಗ ಹತ್ತಿರದ ನೋಟ ತುಸು ಸುಧಾರಿಸುತ್ತದೆ.

ತಪಾಸಣೆಯಲ್ಲಿ ಏನೇನು ಆಗಬೇಕು

ಕನ್ನಡಕದ ಚೀಟಿಯನ್ನು ತೋರಿಸಿ ಲೆನ್ಸ್ ಕೊಳ್ಳುವುದು ತಪ್ಪು ದಾರಿ. ಪವರ್ 4 ಡಯಾಪ್ಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕನ್ನಡಕದ ಅಂಕಿಯನ್ನು ಲೆನ್ಸಿಗೆ ಪರಿವರ್ತಿಸಬೇಕಾಗುತ್ತದೆ; ಲೆನ್ಸಿನ ವಕ್ರತೆ ಮತ್ತು ವ್ಯಾಸ ಕನ್ನಡಕದ ಚೀಟಿಯಲ್ಲಿ ಇರುವುದೇ ಇಲ್ಲ. ಸಿಲಿಂಡರ್ ಪವರ್ (ಕಣ್ಣಿನ ವಕ್ರತೆ ಎಲ್ಲ ದಿಕ್ಕಿನಲ್ಲೂ ಸಮನಾಗಿಲ್ಲದಿರುವುದನ್ನು ತಿದ್ದುವ ಅಂಕಿ) 0.75 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನೂ ತಿದ್ದುವ ಟೋರಿಕ್ ಲೆನ್ಸ್ ಬಗ್ಗೆ ಕೇಳಿ, ಏಕೆಂದರೆ ಬೆಳಕನ್ನು ಮೊದಲೇ ಹಂಚಿಕೊಂಡಿರುವ ಲೆನ್ಸಿನಲ್ಲಿ ತಿದ್ದದೆ ಉಳಿದ ಸಿಲಿಂಡರ್ ನೋಟವನ್ನು ಇನ್ನಷ್ಟು ಕೆಡಿಸುತ್ತದೆ.

ಪವರಿನಷ್ಟೇ ಮುಖ್ಯವಾದದ್ದು ಕಣ್ಣೀರು. ವಯಸ್ಸು ಹೆಚ್ಚಿದಂತೆ, ಅದರಲ್ಲೂ ಮುಟ್ಟು ನಿಲ್ಲುವ ಕಾಲದ ಮಹಿಳೆಯರಲ್ಲಿ, ಕಣ್ಣು ಒಣಗುವುದು ಸಾಮಾನ್ಯ. ಅಲರ್ಜಿಗೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳು ಇದನ್ನು ಹೆಚ್ಚಿಸುತ್ತವೆ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗುವುದರಿಂದ ತೊಂದರೆ ಮತ್ತೂ ಬೆಳೆಯುತ್ತದೆ. ಒಣಗಿದ ಲೆನ್ಸಿನ ಮೇಲ್ಮೈ ನುಣುಪು ಕಳೆದುಕೊಂಡು ನೋಟ ಮಸುಕಾದಾಗ ಅನೇಕರು ಪವರ್ ಸರಿಯಿಲ್ಲವೆಂದು ದೂರುತ್ತಾರೆ. ಒಂದೆರಡು ಬಾರಿ ರೆಪ್ಪೆ ಬಡಿದೊಡನೆ ಅಕ್ಷರ ತಿಳಿಯಾಗುವುದಾದರೆ, ಕಣ್ಣೀರಿನ ಮೇಲೆಯೇ ಮೊದಲು ಸಂಶಯಪಡಬೇಕು. ಕಣ್ಣು ಒಣಗಿದ್ದರೆ ಆ ಚಿಕಿತ್ಸೆ ಮೊದಲಾಗಲಿ, ಲೆನ್ಸ್ ಆಮೇಲೆ ಬರಲಿ.

ಮಧುಮೇಹ, ಗ್ಲಾಕೋಮ (ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಹೆಚ್ಚಿ ದೃಷ್ಟಿನರ ಕೆಡುವ ರೋಗ), ಹಿಂದಿನ ಕಣ್ಣಿನ ಶಸ್ತ್ರಚಿಕಿತ್ಸೆ, ಚಿಕ್ಕಂದಿನಲ್ಲಿ ಇದ್ದ ಮೆಳ್ಳೆಗಣ್ಣು, ಒಂದು ಕಣ್ಣಿನ ನೋಟ ಮೊದಲಿನಿಂದಲೂ ಮಂದವಾಗಿರುವುದು, ಇವನ್ನು ಕೇಳದಿದ್ದರೂ ಹೇಳಿಬಿಡಿ. ಇವುಗಳಲ್ಲಿ ಕೆಲವು ಮುಂದೆ ಹೇಳುವ ಆಯ್ಕೆಗಳಲ್ಲಿ ಒಂದನ್ನು ಸಂಪೂರ್ಣವಾಗಿ ತಳ್ಳಿಹಾಕುತ್ತವೆ.

ಇರುವ ದಾರಿಗಳು

ಅತ್ಯಂತ ಸರಳವಾದದ್ದು ಎರಡೂ ಕಣ್ಣಿಗೆ ದೂರದ ಪವರಿನ ಲೆನ್ಸ್ ಹಾಕಿಕೊಂಡು, ಓದುವಾಗ ಮೇಲೊಂದು ಓದುವ ಕನ್ನಡಕ ಧರಿಸುವುದು. ಇದನ್ನು ಸೋಲೆಂದು ತಿಳಿಯಬೇಕಾಗಿಲ್ಲ. ದಿನದಲ್ಲಿ ಅಪರೂಪಕ್ಕೆ ಓದುವವರಿಗೆ, ರಾತ್ರಿಯಿಡೀ ವಾಹನ ಓಡಿಸುವವರಿಗೆ ಇದರಷ್ಟು ತಿಳಿಯಾದ ನೋಟವನ್ನು ಬೇರೆ ಯಾವ ಲೆನ್ಸೂ ಕೊಡಲಾರದು.

ಎರಡನೆಯದು ಮಾನೋವಿಷನ್: ಒಂದು ಕಣ್ಣಿಗೆ ದೂರದ ಪವರ್, ಇನ್ನೊಂದಕ್ಕೆ ಹತ್ತಿರದ ಪವರ್. ಮಿದುಳು ಮಸುಕಾದ ಚಿತ್ರವನ್ನು ಬದಿಗಿಟ್ಟು ತಿಳಿಯಾದದ್ದನ್ನು ಆರಿಸಿಕೊಳ್ಳಲು ಕಲಿಯುತ್ತದೆ. ಸಾಮಾನ್ಯವಾಗಿ ಪ್ರಧಾನ ಕಣ್ಣಿಗೆ ದೂರವನ್ನು ವಹಿಸಲಾಗುತ್ತದೆ. ಎರಡು ಅಂಗೈಗಳ ನಡುವಿನ ಸಂದಿಯಿಂದ ದೂರದ ವಸ್ತುವನ್ನು ನೋಡಿ, ಯಾವ ಕಣ್ಣು ಮುಚ್ಚಿದಾಗ ವಸ್ತು ಮರೆಯಾಗುತ್ತದೋ ಅದೇ ಪ್ರಧಾನ ಕಣ್ಣು ಎಂದು ತಿಳಿಯುವ ಪರೀಕ್ಷೆ ಹೆಚ್ಚಿನವರಿಗೆ ಗೊತ್ತು. ಆದರೆ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಪರೀಕ್ಷೆಯೊಂದಿದೆ. ದೂರದ ಪವರ್ ಸರಿಪಡಿಸಿದ ಮೇಲೆ, ಎರಡೂ ಕಣ್ಣು ತೆರೆದು ದೂರ ನೋಡುತ್ತಿರುವಾಗ, ಪ್ಲಸ್ 1.50ರ ಗಾಜನ್ನು ಒಮ್ಮೆ ಬಲಗಣ್ಣಿನ ಮುಂದೆ, ಒಮ್ಮೆ ಎಡಗಣ್ಣಿನ ಮುಂದೆ ಹಿಡಿಯುತ್ತಾರೆ. ಯಾವ ಕಣ್ಣಿನ ಮುಂದೆ ಹಿಡಿದಾಗ ಮಸುಕು ಹೆಚ್ಚು ಕಾಡುತ್ತದೋ ಆ ಕಣ್ಣನ್ನು ದೂರಕ್ಕೇ ಬಿಡಬೇಕು. ಎರಡರಲ್ಲೂ ಸಮನಾಗಿ, ತಡೆಯಲಾರದಷ್ಟು ಕಾಡಿದರೆ ಮಾನೋವಿಷನ್ ನಿಮಗೆ ಒಗ್ಗುವ ಸಾಧ್ಯತೆ ಕಡಿಮೆ.

ಚಾಳೀಸಿನ ಆರಂಭದಲ್ಲಿ, ಹತ್ತಿರಕ್ಕೆ ಬೇಕಾದ ಹೆಚ್ಚುವರಿ ಪವರ್ ಒಂದೂವರೆ ಡಯಾಪ್ಟರ್ ಮೀರದಿರುವಾಗ, ಮಾನೋವಿಷನ್ ಚೆನ್ನಾಗಿ ಒದಗುತ್ತದೆ. ಅದು ಎರಡನ್ನು ದಾಟಿದಂತೆ ಎರಡು ಕಣ್ಣುಗಳ ನಡುವಿನ ಅಂತರ ಹಿಗ್ಗಿ, ಕಂಪ್ಯೂಟರಿನ ದೂರ ಎರಡೂ ಕಣ್ಣಿಗೆ ಸಿಗದೆ ಹೋಗುತ್ತದೆ, ಆಳದ ಅಂದಾಜೂ ತಪ್ಪುತ್ತದೆ. ಒಂದು ಕಣ್ಣಿನ ನೋಟ ಮೊದಲೇ ಮಂದವಿರುವವರು, ಮೆಳ್ಳೆಗಣ್ಣಿನ ಇತಿಹಾಸವಿರುವವರು ಇದರಿಂದ ದೂರವಿರಬೇಕು. ಅವರಿಗೆ ವಸ್ತುಗಳು ಎರಡೆರಡಾಗಿ ಕಾಣಲು ಶುರುವಾಗಬಹುದು. ವಿಮಾನ ಚಾಲಕರಂತೆ ದೃಷ್ಟಿಯ ಬಗ್ಗೆ ಕಟ್ಟುನಿಟ್ಟಿನ ನಿಯಮಗಳಿರುವ ವೃತ್ತಿಯವರು ತಮ್ಮ ನಿಯಮವನ್ನು ಮೊದಲು ಓದಿಕೊಳ್ಳಲಿ. ರಾತ್ರಿ ವಾಹನ ಓಡಿಸುವವರು ಹತ್ತಿರದ ಕಣ್ಣನ್ನೂ ದೂರಕ್ಕೆ ತರುವ ಒಂದು ಕನ್ನಡಕವನ್ನು ಲೆನ್ಸಿನ ಮೇಲೆ ಧರಿಸಲೆಂದೇ ಮಾಡಿಸಿ ವಾಹನದಲ್ಲಿ ಇಟ್ಟುಕೊಳ್ಳಬಹುದು.

ಮೂರನೆಯದು ಮಲ್ಟಿಫೋಕಲ್ ಲೆನ್ಸ್, ಇಂದು ಹೆಚ್ಚಿನವರಿಗೆ ಮೊದಲು ಸೂಚಿಸಲಾಗುವಂಥದ್ದು. ಕನ್ನಡಕದ ಬೈಫೋಕಲ್‌ನಂತೆ ಇದರಲ್ಲಿ ಮೇಲೆ ದೂರ, ಕೆಳಗೆ ಹತ್ತಿರ ಎಂಬ ವಿಭಾಗವಿರುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಮೆದು ಲೆನ್ಸುಗಳಲ್ಲಿ ಸಾಮಾನ್ಯವಾಗಿ ಹಾಗಿರುವುದಿಲ್ಲ. ಪವರ್ ಉಂಗುರಗಳಂತೆ ನಡುವಿನಿಂದ ಅಂಚಿನತ್ತ ಬದಲಾಗುತ್ತಾ ಹೋಗುತ್ತದೆ. ಬಹಳಷ್ಟು ವಿನ್ಯಾಸಗಳಲ್ಲಿ ನಡುವೆ ಹತ್ತಿರದ ಪವರ್, ಸುತ್ತ ದೂರದ ಪವರ್ ಇರುತ್ತದೆ. ಕೆಲವದರಲ್ಲಿ ಇದು ಅದಲುಬದಲು. ಎರಡೂ ದೂರದ ಬೆಳಕು ಏಕಕಾಲಕ್ಕೆ ಪಾಪೆಯೊಳಗೆ ಬರುವುದರಿಂದ, ಬೇಕಾದ ಚಿತ್ರವನ್ನು ಮಿದುಳೇ ಹೆಕ್ಕಿಕೊಳ್ಳಬೇಕು.

ಇಲ್ಲಿ ಪಾಪೆಯ ಗಾತ್ರ ಬಹಳ ಮುಖ್ಯವಾಗುತ್ತದೆ. ಬಿಸಿಲಿನಲ್ಲಿ ಪಾಪೆ ಕಿರಿದಾದಾಗ ನಡುವಿನ ಭಾಗವಷ್ಟೇ ಕೆಲಸ ಮಾಡುತ್ತದೆ. ನಡುವೆ ಹತ್ತಿರದ ಪವರ್ ಇರುವ ಲೆನ್ಸಿನಲ್ಲಿ ಆಗ ದೂರದ ನೋಟ ತುಸು ಮಂಕಾಗಬಹುದು. ಮಂದ ಬೆಳಕಿನಲ್ಲಿ ಪಾಪೆ ಹಿಗ್ಗಿ, ಅಂಚಿನ ಪವರ್ ಮೇಲುಗೈ ಪಡೆದು, ಓದು ಕಷ್ಟವಾಗುತ್ತದೆ. ಎದುರಿನ ವಾಹನಗಳ ದೀಪದ ಸುತ್ತ ಪ್ರಭೆಯೂ ಕಾಣಿಸಿಕೊಳ್ಳುತ್ತದೆ. ಒಂದೇ ಪವರಿನ ಎರಡು ಮಲ್ಟಿಫೋಕಲ್ ಲೆನ್ಸುಗಳು ಒಬ್ಬರಿಗೆ ಹಿಡಿಸಿ ಇನ್ನೊಬ್ಬರಿಗೆ ಹಿಡಿಸದಿರಲು ಇದು ದೊಡ್ಡ ಕಾರಣ. ಹೀಗಾಗಿ ಒಂದು ವಿನ್ಯಾಸ ಸೋತಿತೆಂದು ಮಲ್ಟಿಫೋಕಲ್ಲೇ ಬೇಡವೆನ್ನುವ ಬದಲು ಇನ್ನೊಂದು ವಿನ್ಯಾಸವನ್ನು ಕೇಳಿ ನೋಡುವುದು ಸರಿ. ಲೆನ್ಸ್ ಪಾಪೆಯ ನಡುವಿಗೆ ಸರಿಯಾಗಿ ಕೂರದೆ ಪಕ್ಕಕ್ಕೆ ಜಾರುತ್ತಿದ್ದರೆ ಎಷ್ಟು ಒಳ್ಳೆಯ ವಿನ್ಯಾಸವೂ ಫಲ ಕೊಡದು. ಅದನ್ನು ಪರೀಕ್ಷಿಸಿದ್ದೀರಾ ಎಂದು ನೇರವಾಗಿಯೇ ಕೇಳಿ.

ಗಟ್ಟಿ ಲೆನ್ಸುಗಳಲ್ಲಿ ಬೈಫೋಕಲ್ ಕನ್ನಡಕದಂತೆಯೇ ಮೇಲೆ ದೂರ, ಕೆಳಗೆ ಹತ್ತಿರ ಇರುವ ಬಗೆಯೂ ಉಂಟು. ಕೆಳಗೆ ನೋಡಿದಾಗ ಕೆಳರೆಪ್ಪೆ ಲೆನ್ಸನ್ನು ಮೇಲಕ್ಕೆ ತಳ್ಳಿ ಓದುವ ಭಾಗವನ್ನು ಪಾಪೆಯ ಮುಂದೆ ತರುತ್ತದೆ. ನೋಟ ಬಹಳ ಸ್ಪಷ್ಟ. ಆದರೆ ಒಗ್ಗಿಸಿಕೊಳ್ಳಲು ಹೆಚ್ಚು ದಿನ ಬೇಕು, ರೆಪ್ಪೆ ಸಡಿಲವಿದ್ದರೆ ಕೆಲಸ ಮಾಡದು, ತಲೆಯ ಮೇಲಿನ ಹತ್ತಿರದ ವಸ್ತುವನ್ನು ನೋಡುವವರಿಗೆ ಹೊಂದದು.

ಪ್ರಯೋಗದ ದಿನಗಳು

ಲೆನ್ಸ್ ಹಾಕಿದ ಕೂಡಲೇ ತೀರ್ಪು ಕೊಡಬೇಡಿ. ಹದಿನೈದು ಇಪ್ಪತ್ತು ನಿಮಿಷ ಕಳೆದು ಲೆನ್ಸ್ ನೆಲೆಗೊಂಡ ಮೇಲೆ, ಎರಡೂ ಕಣ್ಣು ತೆರೆದು, ಸಹಜ ಬೆಳಕಿನಲ್ಲಿ, ನಿಮ್ಮದೇ ಮೊಬೈಲನ್ನು ಓದಿ, ಹೊರಗೆ ನಾಲ್ಕು ಹೆಜ್ಜೆ ನಡೆದು ಬನ್ನಿ. ಒಂದೊಂದೇ ಕಣ್ಣು ಮುಚ್ಚಿ ಹೋಲಿಸುವ ಚಪಲ ಎಲ್ಲರಿಗೂ ಇರುತ್ತದೆ. ಅದನ್ನು ತಡೆದುಕೊಳ್ಳಿ, ಏಕೆಂದರೆ ಈ ಲೆನ್ಸುಗಳು ಎರಡು ಕಣ್ಣುಗಳು ಜೊತೆಯಾಗಿ ನೋಡುವುದಕ್ಕೆಂದೇ ರೂಪಿಸಿದವು. ಪೂರ್ಣ ಡಬ್ಬಿ ಕೊಳ್ಳುವ ಮೊದಲು ಪ್ರಯೋಗದ ಜೋಡಿಯನ್ನು ಒಂದೆರಡು ವಾರ ನಿಮ್ಮ ನಿಜವಾದ ದಿನಚರಿಯಲ್ಲಿ ಧರಿಸಿ ನೋಡಿ. ಈ ಅವಧಿಯ ಮೊದಲ ದಿನಗಳಲ್ಲಿ ರಾತ್ರಿ ವಾಹನ ಓಡಿಸಬೇಡಿ.

ಮತ್ತೆ ತಜ್ಞರ ಬಳಿಗೆ ಹೋದಾಗ ‘ಸರಿ ಕಾಣುತ್ತಿಲ್ಲ’ ಎಂದರೆ ಅವರಿಗೆ ಏನೂ ತಿಳಿಯದು. ‘ಪರದೆ ಚೆನ್ನಾಗಿದೆ, ಮೊಬೈಲ್ ಸಂಜೆ ಮಸುಕಾಗುತ್ತದೆ’ ಎಂದೋ ‘ಓದು ಚೆನ್ನಾಗಿದೆ, ರಸ್ತೆಯ ಫಲಕ ತಡವಾಗಿ ಕಾಣುತ್ತದೆ’ ಎಂದೋ ಹೇಳಿದರೆ ತಿದ್ದುಪಡಿ ಸುಲಭ. ಓದು ಸಾಲದೆಂದೊಡನೆ ಎರಡೂ ಕಣ್ಣಿನ ಹತ್ತಿರದ ಪವರನ್ನು ಏರಿಸಿಬಿಡುವುದು ಒಳ್ಳೆಯ ಕ್ರಮವಲ್ಲ; ಅದರಿಂದ ದೂರದ ನೋಟ ಕೆಡುತ್ತದೆ. ಪ್ರಧಾನವಲ್ಲದ ಕಣ್ಣಿನ ದೂರದ ಅಂಕಿಗೆ ಪ್ಲಸ್ 0.25 ಸೇರಿಸುವಂಥ ಸಣ್ಣ ಬದಲಾವಣೆಯೇ ಎಷ್ಟೋ ಸಲ ಸಾಕಾಗುತ್ತದೆ. ಒಂದು ಭೇಟಿಯಲ್ಲಿ ಒಂದೇ ಬದಲಾವಣೆ ಮಾಡಿಸಿಕೊಳ್ಳಿ, ಇಲ್ಲವಾದರೆ ಯಾವುದರಿಂದ ಗುಣ ಬಂತೆಂದು ಗೊತ್ತಾಗುವುದಿಲ್ಲ. ತೀರ ಸಣ್ಣ ಅಕ್ಷರಕ್ಕೆ ಆಗೊಮ್ಮೆ ಈಗೊಮ್ಮೆ ಕನ್ನಡಕ ಬೇಕಾದರೂ, ದಿನದ ಹೆಚ್ಚಿನ ಕೆಲಸ ಅದಿಲ್ಲದೆ ನಡೆದರೆ ಆ ಲೆನ್ಸನ್ನು ಒಪ್ಪಿಕೊಳ್ಳಬಹುದು.

ವಸ್ತು, ಬಳಕೆ, ಎಚ್ಚರ

ದಿನಕ್ಕೊಂದು ಜೋಡಿ ಬಳಸಿ ಎಸೆಯುವ ಲೆನ್ಸ್ ಸಿಗುವುದಾದರೆ ಈ ವಯಸ್ಸಿನವರಿಗೆ ಅದನ್ನೇ ನಾನು ಸೂಚಿಸುತ್ತೇನೆ. ಮೇಲೆ ಕೊಳೆ ಕೂರುವ ಮೊದಲೇ ಲೆನ್ಸ್ ಬದಲಾಗುತ್ತದೆ, ದ್ರಾವಣ ಮತ್ತು ಡಬ್ಬಿಯ ಗೊಡವೆಯಿಲ್ಲ. ತಿಂಗಳ ಲೆನ್ಸ್ ಬಳಸುವವರು ದ್ರಾವಣವನ್ನು ಪ್ರತಿದಿನ ಚೆಲ್ಲಿ ಹೊಸದನ್ನು ತುಂಬಬೇಕು, ಹಳೆಯದರ ಮೇಲೆ ಸುರಿಯಬಾರದು, ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆಯಾದರೂ ಬದಲಿಸಬೇಕು. ಯಾವ ಲೆನ್ಸಿಗೂ ನಲ್ಲಿಯ ನೀರು ತಾಗಬಾರದು, ಅದನ್ನು ಧರಿಸಿ ಸ್ನಾನ, ಈಜು, ನಿದ್ದೆ ಕೂಡದು. ನೀರಿನಲ್ಲಿರುವ ಅಕಾಂತಮೀಬ ಎಂಬ ಸೂಕ್ಷ್ಮಜೀವಿ ಕಾರ್ನಿಯಾಕ್ಕೆ (ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ) ತಗುಲಿದರೆ ದೃಷ್ಟಿಯನ್ನೇ ಕಳೆಯಬಲ್ಲದು. ಗ್ಲಾಕೋಮಕ್ಕೆ ಹನಿ ಹಾಕುವವರು ಲೆನ್ಸ್ ತೆಗೆದು ಹನಿ ಹಾಕಿ, ಕನಿಷ್ಠ 15 ನಿಮಿಷ ಬಿಟ್ಟು ಮತ್ತೆ ಧರಿಸಲಿ. ಹತ್ತಿರದ್ದು ಕಾಣದಿರುವಾಗ ಲೆನ್ಸ್ ಒಳಮಗ್ಗುಲಾಗಿದೆಯೇ ಎಂದು ನೋಡುವುದೇ ಕಷ್ಟ. ದೊಡ್ಡದಾಗಿ ತೋರಿಸುವ ಕನ್ನಡಿಯೊಂದನ್ನು ಇಟ್ಟುಕೊಳ್ಳಿ.

ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ನೋಡಲಾಗದೆ ಹೋದರೆ, ಅಥವಾ ನೋಟ ಇದ್ದಕ್ಕಿದ್ದಂತೆ ಮಂಜಾದರೆ, ಲೆನ್ಸ್ ತೆಗೆದು ಅದೇ ದಿನ ವೈದ್ಯರನ್ನು ಕಾಣಬೇಕು. ತೆಗೆದ ಲೆನ್ಸ್ ಮತ್ತು ಡಬ್ಬಿಯನ್ನು ಎಸೆಯದೆ ಜೊತೆಗೆ ಒಯ್ಯಿರಿ. ಸೋಂಕು ಯಾವುದೆಂದು ಪತ್ತೆಹಚ್ಚಲು ಅವು ನೆರವಾಗುತ್ತವೆ.

ಹತ್ತಿರಕ್ಕೆ ಬೇಕಾದ ಹೆಚ್ಚುವರಿ ಪವರ್ ಸುಮಾರು 60 ವರ್ಷದವರೆಗೆ ಏರುತ್ತಲೇ ಇರುವುದರಿಂದ, ಇಂದು ಹೊಂದಿದ ಲೆನ್ಸ್ ಎರಡು ಮೂರು ವರ್ಷಗಳಲ್ಲಿ ಸಾಲದಾಗುವುದು ಸಹಜ. ವರ್ಷಕ್ಕೊಮ್ಮೆ ತಪಾಸಣೆ ಇರಲಿ. ಆದರೆ ಪವರ್ ಪದೇಪದೇ ಬದಲಾಗುತ್ತಿದ್ದರೆ, ರಾತ್ರಿ ದೀಪಗಳ ಪ್ರಭೆ ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದ್ದರೆ, ಇನ್ನೊಂದು ವಿನ್ಯಾಸದ ಲೆನ್ಸ್ ಹುಡುಕುವ ಮೊದಲು ಕಣ್ಣಿನೊಳಗಿನ ಮಸೂರದಲ್ಲಿ ಪೊರೆ ಬೆಳೆಯುತ್ತಿದೆಯೇ ಎಂಬುದನ್ನು ನೋಡಿಸಬೇಕು.